ದನದ ಸಂತೆ ಹೋಯಿತು, ಗೋಪುರ ಉಳಿಯಿತು

ಲಂಡನ್ನಿನ ಉತ್ತರ ಭಾಗದಲ್ಲಿ, ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ, ಕೆಲಡೋನಿಯನ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಿದೆ. ಹುಲ್ಲುಹಾಸು, ಮರಗಳು, ಮಕ್ಕಳ ಆಟದ ಜಾಗ, ನಾಯಿ ಹಿಡಿದು ತಿರುಗಾಡುವ ಸುತ್ತಲಿನ ನಿವಾಸಿಗಳು, ಹೀಗೆ ಆ ಮಹಾನಗರದ ನೂರಾರು ಉದ್ಯಾನಗಳ ಪೈಕಿ ಇದೂ ಒಂದು. ಆದರೆ ಒಂದು ವಿಷಯದಲ್ಲಿ ಇದು ಎಲ್ಲಕ್ಕಿಂತ ಬೇರೆ. ಈ ಉದ್ಯಾನದ ನಡುವೆ, ಅಕ್ಕಪಕ್ಕದ ಮನೆಗಳನ್ನೆಲ್ಲ ಕುಳ್ಳಾಗಿಸಿ, ಸುಮಾರು 150 ಅಡಿ ಎತ್ತರದ ಗಡಿಯಾರ ಗೋಪುರವೊಂದು ನಿಂತಿದೆ. ನಾಲ್ಕೂ ದಿಕ್ಕಿಗೆ ಬಿಳಿಯ ಮುಖ, ಮೇಲೆ ಗಂಟೆಯ ಕೋಣೆ, ಅದರ ಮೇಲೆ ಚೂಪು ಮಾಡು.

ಮೊದಲ ಸಲ ನೋಡಿದವರಿಗೆ ಇದು ಒಗಟಿನಂತೆ ಕಾಣುವುದು ಸಹಜ. ಮಕ್ಕಳಾಡುವ ಒಂದು ಸಾಧಾರಣ ಉದ್ಯಾನಕ್ಕೆ ಇಷ್ಟು ದೊಡ್ಡ ಗೋಪುರ ಏತಕ್ಕೆ? ಹತ್ತಿರದಲ್ಲಿ ಅರಮನೆಯಿಲ್ಲ, ಪುರಭವನವಿಲ್ಲ, ವಿಶ್ವವಿದ್ಯಾಲಯವಿಲ್ಲ. ಯಾವ ರಾಜನ ಪಟ್ಟಾಭಿಷೇಕದ ನೆನಪಿಗಾಗಲಿ, ಯುದ್ಧದ ವಿಜಯಕ್ಕಾಗಲಿ ಇದನ್ನು ಕಟ್ಟಿದ್ದಲ್ಲ.

ಉತ್ತರ ಸರಳ. ಉದ್ಯಾನ ಬಂದದ್ದು ಈಚೆಗೆ. ಗೋಪುರ ಅದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಿರಿಯದು. ಇದು 1855ರಲ್ಲಿ ತೆರೆದ ಮೆಟ್ರೊಪಾಲಿಟನ್ ಕ್ಯಾಟಲ್ ಮಾರ್ಕೆಟ್‌ನ, ಎಂದರೆ ಲಂಡನ್ನಿನ ದನದ ಸಂತೆಯ, ಗಡಿಯಾರ. ಸಂತೆ ಹೋಯಿತು, ಅದರ ದೊಡ್ಡಿಗಳೂ ಬ್ಯಾಂಕುಗಳೂ ಕಸಾಯಿಖಾನೆಗಳೂ ಹೋದವು. ನಟ್ಟನಡುವೆ ಇದ್ದ ಗೋಪುರ ಮಾತ್ರ ಉಳಿಯಿತು. ಆದ್ದರಿಂದ ಇದರ ವಾಸ್ತುವನ್ನು ಅರ್ಥಮಾಡಿಕೊಳ್ಳಬೇಕಾದರೆ ಇಂದಿನ ಹುಲ್ಲನ್ನು ಮನಸ್ಸಿನಿಂದ ತೆಗೆದುಹಾಕಿ, ಅದರ ಜಾಗದಲ್ಲಿ ಕಲ್ಲುಹಾಸು, ಕಬ್ಬಿಣದ ಸರಳು ಹಾಗೂ ಸಾವಿರಾರು ದನಕುರಿಗಳನ್ನು ತಂದು ನಿಲ್ಲಿಸಬೇಕು. ಹಾಗೆ ನಿಲ್ಲಿಸಿಕೊಂಡರೆ ಗೋಪುರದ ಎತ್ತರಕ್ಕೂ ಸ್ಥಾನಕ್ಕೂ ಆಕಾರಕ್ಕೂ ಒಂದೊಂದು ಕಾರಣ ದೊರೆಯುತ್ತದೆ.

ಊರ ನಡುವಿನ ಸಂತೆ

ಮೊದಲು ಲಂಡನ್ನಿನ ದನದ ಸಂತೆ ನಡೆಯುತ್ತಿದ್ದುದು ಇಲ್ಲಿ ಅಲ್ಲ. ಮಧ್ಯಯುಗದಿಂದಲೂ ಅದು ಹಳೆಯ ನಗರದ ಅಂಚಿನ ಸ್ಮಿತ್‌ಫೀಲ್ಡ್ ಎಂಬ ಬಯಲಿನಲ್ಲಿ ನಡೆಯುತ್ತಿತ್ತು. ನಗರ ಬೆಳೆಯುತ್ತ ಬಂದಂತೆ ಆ ಬಯಲಿನ ಸುತ್ತ ಮನೆ, ಅಂಗಡಿ, ಆಸ್ಪತ್ರೆ, ಚರ್ಚುಗಳು ಕಿಕ್ಕಿರಿದು ತುಂಬಿಕೊಂಡವು. ಸಂತೆ ಮಾತ್ರ ಹಿಂದಿನ ಜಾಗದಲ್ಲೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ವರ್ಷಕ್ಕೆ ಸುಮಾರು 2,20,000 ದನಗಳೂ 15 ಲಕ್ಷ ಕುರಿಗಳೂ ಕೆಲವೇ ಎಕರೆಗಳ ಆ ಜಾಗಕ್ಕೆ ಬಂದು ಮಾರಾಟವಾಗುತ್ತಿದ್ದವು.

ಸೋಮವಾರ ದೊಡ್ಡ ಸಂತೆ. ಅದಕ್ಕಾಗಿ ಭಾನುವಾರ ರಾತ್ರಿಯಿಂದಲೇ ದನದ ಹಿಂಡುಗಳನ್ನು ಊರಿನ ಬೀದಿಗಳಲ್ಲಿ ಹೊಡೆದುಕೊಂಡು ಬರುತ್ತಿದ್ದರು. ಕತ್ತಲು, ಮಂಜು, ಇಕ್ಕಟ್ಟಾದ ಓಣಿ, ದೀವಟಿಗೆಯ ಬೆಳಕಿಗೆ ಬೆದರಿದ ಹೋರಿಗಳು. ಹಿಂಡು ಹೊಡೆಯುವವರ ಕೈಯಲ್ಲಿ ಮೊಳೆ ಬಡಿದ ಕೋಲು. ಜಾಗ ಸಾಲದೆ ದನಗಳನ್ನು ತಲೆ ಒಳಗೆ ಬಾಲ ಹೊರಗೆ ಮಾಡಿ ವೃತ್ತಾಕಾರವಾಗಿ ಒತ್ತಿ ನಿಲ್ಲಿಸುತ್ತಿದ್ದರು. ಸುತ್ತಲಿನ ನೆಲಮಾಳಿಗೆಗಳಲ್ಲೇ ಕಡಿಯುವ ಕೆಲಸ. ರಕ್ತ ಬೀದಿಯ ಚರಂಡಿಗೆ. ಚಾರ್ಲ್ಸ್ ಡಿಕನ್ಸ್ ತಮ್ಮ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಈ ಸಂತೆಯ ಬೆಳಗನ್ನು ಚಿತ್ರಿಸಿದ್ದಾರೆ. ಪ್ರಾಣಿಹಿಂಸೆಯನ್ನು ತಡೆಯಲು ಬ್ರಿಟಿಷ್ ಸಂಸತ್ತು 1822ರಲ್ಲಿ ಮಾಡಿದ ಮೊದಲ ಕಾನೂನು, ಅದರ ಎರಡು ವರ್ಷದ ನಂತರ ಹುಟ್ಟಿದ ಪ್ರಾಣಿದಯಾ ಸಂಘ, ಈ ಎರಡರ ಹಿಂದೆಯೂ ಸ್ಮಿತ್‌ಫೀಲ್ಡಿನಂಥ ಸಂತೆಗಳ ದೃಶ್ಯವಿತ್ತು.

ಸಂತೆಯನ್ನು ಊರಾಚೆಗೆ ಒಯ್ಯಬೇಕೆಂಬ ಕೂಗು ದಶಕಗಳಷ್ಟು ಹಳೆಯದು. ಆದರೆ ಲಂಡನ್ ನಗರಾಡಳಿತಕ್ಕೆ ಸಂತೆಯ ಸುಂಕ ಒಳ್ಳೆಯ ವರಮಾನ. ಸುತ್ತಲಿನ ವ್ಯಾಪಾರಿಗಳಿಗೂ ಅದರಿಂದಲೇ ಅನ್ನ. ಹೀಗಾಗಿ ವಿರೋಧವೂ ಬಲವಾಗಿತ್ತು. ಕಾಲರಾದ ಭೀತಿ, ಪತ್ರಿಕೆಗಳ ಟೀಕೆ, ಕೊನೆಗೆ ವಿಚಾರಣಾ ಆಯೋಗ, ಇವೆಲ್ಲ ಆದ ಮೇಲೆ ಸಂತೆಯ ಸ್ಥಳಾಂತರಕ್ಕೆ ಕಾನೂನು ಬಂತು. ಹಳೆಯ ಸ್ಮಿತ್‌ಫೀಲ್ಡಿನಲ್ಲಿ ಕೊನೆಯ ದನದ ಸಂತೆ ನಡೆದದ್ದು 1855ರ ಜೂನ್ 11ರಂದು. ಎರಡು ದಿನಗಳ ನಂತರ, ಜೂನ್ 13ರಂದು, ವಿಕ್ಟೋರಿಯಾ ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟ್ ಹೊಸ ಮಾರುಕಟ್ಟೆಯನ್ನು ಉದ್ಘಾಟಿಸಿದ.

ಆ ಬಯಲಿಗೂ ಒಂದು ಚರಿತ್ರೆ

ಹೊಸ ಮಾರುಕಟ್ಟೆಗೆ ಆಯ್ದುಕೊಂಡ ಜಾಗ ಬರಿಯ ಹುಲ್ಲುಗಾವಲೇನೂ ಆಗಿರಲಿಲ್ಲ. ಅದರ ಹೆಸರು ಕೋಪನ್‌ಹೇಗನ್ ಫೀಲ್ಡ್ಸ್. ಅಲ್ಲಿ ಕೋಪನ್‌ಹೇಗನ್ ಹೌಸ್ ಎಂಬ ಹಳೆಯ ವಿಹಾರಗೃಹವೊಂದಿತ್ತು. ಭಾನುವಾರ ಬಂತೆಂದರೆ ನಗರದ ಜನ ಗಾಳಿ ಸೇವನೆಗೆ, ಚಹಾಕ್ಕೆ, ಆಟಕ್ಕೆ ಅಲ್ಲಿಗೆ ಬರುತ್ತಿದ್ದರು. ವಿಶಾಲವಾದ ಬಯಲಾದ್ದರಿಂದ ದೊಡ್ಡ ಸಭೆಗಳಿಗೂ ಅದೇ ಜಾಗ. ಸಾಮಾನ್ಯರಿಗೂ ಮತದಾನದ ಹಕ್ಕು ಬೇಕೆಂದು ಕೇಳುತ್ತಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿ 1795ರಲ್ಲಿ ಇಲ್ಲಿ ಭಾರಿ ಸಭೆಗಳನ್ನು ನಡೆಸಿತು.

ಅದಕ್ಕಿಂತ ಪ್ರಸಿದ್ಧವಾದುದು 1834ರ ಏಪ್ರಿಲ್ 21ರ ಸಭೆ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಕೃಷಿ ಕೂಲಿಗಳು ಕೂಲಿ ಇಳಿಸಿದ್ದನ್ನು ತಡೆಯಲು ಸಂಘ ಕಟ್ಟಿಕೊಂಡಿದ್ದರು. ಗುಟ್ಟಾಗಿ ಪ್ರಮಾಣವಚನ ಮಾಡಿಸಿದರೆಂಬ ಆರೋಪದ ಮೇಲೆ ಅವರಿಗೆ ಏಳು ವರ್ಷ ಗಡೀಪಾರಿನ ಶಿಕ್ಷೆಯಾಯಿತು. ಅವರನ್ನು ಆಸ್ಟ್ರೇಲಿಯಾ ಕಡೆಗೆ ಸಾಗಿಸಲಾಯಿತು. ಇದನ್ನು ಪ್ರತಿಭಟಿಸಿ ಹತ್ತಾರು ಸಾವಿರ ದುಡಿಯುವ ಜನ ಕೋಪನ್‌ಹೇಗನ್ ಬಯಲಿನಲ್ಲಿ ಸೇರಿ, ಎರಡು ಲಕ್ಷಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ಹೊತ್ತು ಸರ್ಕಾರಿ ಕಚೇರಿಗಳತ್ತ ಮೆರವಣಿಗೆ ಹೊರಟರು. ಅಷ್ಟು ಜನರೊಂದಿಗೆ ಬಂದ ಮನವಿಯನ್ನು ಗೃಹಮಂತ್ರಿ ಲಾರ್ಡ್ ಮೆಲ್ಬೋರ್ನ್ ಸ್ವೀಕರಿಸಲಿಲ್ಲ. ಆದರೂ ಒತ್ತಡ ನಿಲ್ಲಲಿಲ್ಲ. 1836ರಲ್ಲಿ ಆ ಆರು ಮಂದಿಗೂ ಕ್ಷಮೆ ದೊರೆಯಿತು. ಕಾರ್ಮಿಕ ಸಂಘಗಳ ಚರಿತ್ರೆಯಲ್ಲಿ ಆ ಮೆರವಣಿಗೆಗೆ ದೊಡ್ಡ ಸ್ಥಾನವಿದೆ.

ಈ ಬಯಲನ್ನು ನಗರಾಡಳಿತ ಕೊಂಡುಕೊಂಡಿತು. ಕೋಪನ್‌ಹೇಗನ್ ಹೌಸನ್ನು ಕೆಡವಲಾಯಿತು. ಅದು ಇದ್ದ ಜಾಗದಲ್ಲೇ ಗೋಪುರ ಎದ್ದಿತು. ಜನ ತಮ್ಮ ಇಷ್ಟದಂತೆ ಸೇರುತ್ತಿದ್ದ ಬಯಲಿಗೆ ಬೇಲಿ, ಬಾಗಿಲು, ಸುಂಕ ಹಾಗೂ ಗಂಟೆ ಬಂದವು. ಸ್ಮಿತ್‌ಫೀಲ್ಡಿನ ನಿವಾಸಿಗಳಿಗೆ ಇದರಿಂದ ನೆಮ್ಮದಿಯಾದದ್ದು ನಿಜ. ಅದೇ ವೇಳೆಗೆ ಉತ್ತರದ ಜನ ಒಂದು ಬಯಲನ್ನು ಕಳೆದುಕೊಂಡದ್ದೂ ನಿಜ. ಗೋಪುರವನ್ನು ನೋಡುವಾಗ ಈ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನಡುವೆ ಗೋಪುರ, ಸುತ್ತ ಸಂತೆ

ಹೊಸ ಮಾರುಕಟ್ಟೆಯನ್ನು ರೂಪಿಸಿದವನು ಜೇಮ್ಸ್ ಬನ್‌ಸ್ಟೋನ್ ಬನ್ನಿಂಗ್. ಲಂಡನ್ ನಗರಾಡಳಿತದ ವಾಸ್ತುಶಿಲ್ಪಿಯಾಗಿದ್ದ ಈತ 1849ರಲ್ಲಿ ತೆರೆದ ಕಲ್ಲಿದ್ದಲು ವಿನಿಮಯ ಕೇಂದ್ರ, 1852ರಲ್ಲಿ ತೆರೆದ ಹಾಲೊವೇ ಸೆರೆಮನೆ ಮುಂತಾದವನ್ನು ಕಟ್ಟಿ ಹೆಸರಾಗಿದ್ದ. ನಗರಾಡಳಿತ ಕೊಂಡಿದ್ದ ಸುಮಾರು 75 ಎಕರೆಗಳಲ್ಲಿ 30 ಎಕರೆಯಷ್ಟು ಜಾಗ ಮಾರುಕಟ್ಟೆಯ ಅಂಗಳಕ್ಕೆ ಮೀಸಲಾಯಿತು. ಅಲ್ಲಿ ಏಕಕಾಲಕ್ಕೆ ಸುಮಾರು 6,600 ದನಗಳನ್ನು ಕಟ್ಟಲು ಸರಳುಗಳು, ಸುಮಾರು 35,000 ಕುರಿಗಳಿಗೆ ದೊಡ್ಡಿಗಳು, ಕರುಗಳಿಗೂ ಹಂದಿಗಳಿಗೂ ಪ್ರತ್ಯೇಕ ಮಾಡುಗಳು ಸಿದ್ಧವಾದವು. ದೂರದಿಂದ ಬಂದ ದನಗಳಿಗೆ ಮೇವು ನೀರು ಕೊಟ್ಟು ತಂಗಿಸುವ ಕೊಟ್ಟಿಗೆಗಳೂ ಕಸಾಯಿಖಾನೆಗಳೂ ಪಕ್ಕದಲ್ಲೇ ಇದ್ದವು.

ಈ ವಿನ್ಯಾಸದ ಮುಖ್ಯ ಗುಣ ಅದರ ಅಚ್ಚುಕಟ್ಟು. ಮಾರುಕಟ್ಟೆಯ ಮೂಲೆಗಳಲ್ಲಿ ಒಂದೊಂದರಂತೆ ದೊಡ್ಡ ಪಾನಗೃಹಗಳು. ದನ ಹೊಡೆದು ತಂದವರಿಗೆ ಊಟ, ಪಾನೀಯ, ಮಲಗಲು ಜಾಗ. ಅವುಗಳಿಗೆ ಇಟ್ಟ ಹೆಸರುಗಳಲ್ಲಿಯೂ ಲ್ಯಾಂಬ್, ಲಯನ್, ವೈಟ್ ಹಾರ್ಸ್ ಎಂದು ಪ್ರಾಣಿಗಳೇ. ಅಂಗಳದ ನಟ್ಟನಡುವೆ ಹನ್ನೆರಡು ಮುಖಗಳ ಒಂದು ತಗ್ಗು ಕಟ್ಟಡ. ಅದರಲ್ಲಿ ಬ್ಯಾಂಕುಗಳು, ರೈಲು ಕಂಪನಿಗಳ ಕಚೇರಿಗಳು, ತಂತಿ ಕಚೇರಿ. ಆ ಕಟ್ಟಡದ ಮಧ್ಯದಿಂದ ಮೇಲೇಳುವುದೇ ನಮ್ಮ ಗೋಪುರ.

ಹೀಗೆ ನೋಡಿದಾಗ ಗೋಪುರ ಏಕೆ ನಡುವಿನಲ್ಲಿದೆ ಎಂಬುದು ತಿಳಿಯುತ್ತದೆ. ದನದ ಸಂತೆಯಲ್ಲಿ ಎಲ್ಲ ಸಾಲುಗಳೂ ಒಂದೇ ರೀತಿ ಕಾಣುತ್ತವೆ. ನಾಲ್ಕು ಕಡೆಯಿಂದಲೂ ಬಂದ ರೈತ, ದಲ್ಲಾಳಿ, ಕಟುಕ, ಎಲ್ಲರಿಗೂ ದಿಕ್ಕು ತಿಳಿಯಲು ಒಂದು ಗುರುತು ಬೇಕು. ಹಣ ಕೈ ಬದಲಾಗುವ ಜಾಗ ಆ ಗುರುತಿನ ಬುಡದಲ್ಲೇ ಇದ್ದರೆ ಅನುಕೂಲ. ದನ ಮಾರಿದವನು ತಲೆಯೆತ್ತಿ ಗೋಪುರ ನೋಡಿ, ಅದರ ಕಡೆ ನಡೆದರೆ ಬ್ಯಾಂಕು ಸಿಗುತ್ತಿತ್ತು. ಮೂವತ್ತು ಎಕರೆಯ ಯಾವ ಮೂಲೆಯಿಂದಲೂ ಗಂಟೆ ಎಷ್ಟಾಯಿತೆಂದು ಕಾಣಬೇಕಾದರೆ ಗಡಿಯಾರ ಎತ್ತರದಲ್ಲಿರಬೇಕು, ಅದಕ್ಕೆ ನಾಲ್ಕು ಮುಖಗಳೂ ಇರಬೇಕು. ಗೋಪುರದ ಎತ್ತರಕ್ಕೆ ಮೊದಲ ಕಾರಣ ಈ ಉಪಯುಕ್ತತೆ.

ಇನ್ನು ಶೈಲಿಯ ಮಾತು. ವಿಕ್ಟೋರಿಯಾ ಯುಗದ ಗಡಿಯಾರ ಗೋಪುರವೆಂದರೆ ನಮ್ಮ ಕಣ್ಣಿಗೆ ಬರುವುದು ಲಂಡನ್ ಸಂಸತ್ ಭವನದ ಗೋಪುರ. ಅದು ಗಾಥಿಕ್ ಶೈಲಿಯದು. ಚೂಪು ಕಮಾನು, ಮೈತುಂಬ ಕುಸುರಿ, ಮೊನಚು ಶಿಖರ, ಹೀಗೆ ಮಧ್ಯಯುಗದ ಚರ್ಚುಗಳನ್ನು ನೆನಪಿಸುವ ರೀತಿ. ಬನ್ನಿಂಗ್ ಆ ದಾರಿ ಹಿಡಿಯಲಿಲ್ಲ. ಅವನು ಆರಿಸಿಕೊಂಡದ್ದು ಇಟಲಿಯ ಮಾದರಿಯನ್ನು. ಇಟಲಿಯ ಪಟ್ಟಣಗಳಲ್ಲಿ ಚರ್ಚಿನ ಅಥವಾ ಪುರಭವನದ ಪಕ್ಕದಲ್ಲಿ ನಿಲ್ಲುವ ಚೌಕಾಕಾರದ ಗಂಟೆಗೋಪುರಕ್ಕೆ 'ಕಂಪನೀಲೆ' ಎನ್ನುತ್ತಾರೆ. ಕೆಳಗೆ ಭದ್ರವಾದ ಬುಡ, ಮೇಲಕ್ಕೆ ಹೆಚ್ಚು ಅಲಂಕಾರವಿಲ್ಲದ ಉದ್ದನೆಯ ಕಾಂಡ, ತುದಿಯಲ್ಲಿ ಗಂಟೆ ತೂಗುವ ತೆರೆದ ಕಮಾನುಗಳ ಕೋಣೆ, ಅದರ ಮೇಲೆ ನಾಲ್ಕು ಇಳಿಜಾರಿನ ಮಾಡು. ಅಲಂಕಾರವನ್ನೆಲ್ಲ ನೆಲದ ಹತ್ತಿರ ಹರಡದೆ ಮೇಲ್ಭಾಗಕ್ಕೆ ಉಳಿಸಿಕೊಳ್ಳುವುದು ಈ ಮಾದರಿಯ ಜಾಣ್ಮೆ. ದೂರದಿಂದ ಕಾಣುವುದು ಆ ಭಾಗವೇ ತಾನೆ?

ಇಟಲಿಯ ಶೈಲಿ ಆಗ ಇಂಗ್ಲೆಂಡಿನಲ್ಲಿ ಬಹಳ ಬಳಕೆಯಲ್ಲಿತ್ತು. ಉದ್ಘಾಟನೆಗೆ ಬಂದ ಪ್ರಿನ್ಸ್ ಆಲ್ಬರ್ಟನೇ ವೈಟ್ ದ್ವೀಪದಲ್ಲಿ ಕಟ್ಟಿಸಿದ ಆಸ್ಬೋರ್ನ್ ಹೌಸಿಗೂ ಇಂಥದೇ ಗೋಪುರಗಳಿವೆ. ಆದರೆ ಮಾರುಕಟ್ಟೆಗೆ ಈ ಶೈಲಿ ಒಪ್ಪಲು ಇನ್ನೊಂದು ಕಾರಣವನ್ನೂ ಊಹಿಸಬಹುದು. ವೆನಿಸ್, ಫ್ಲಾರೆನ್ಸ್, ಸಿಯೆನಾ ಇವೆಲ್ಲ ವರ್ತಕರ ಪಟ್ಟಣಗಳು. ಅಲ್ಲಿನ ಗೋಪುರದ ಗಂಟೆಗಳು ಪೂಜೆಯ ವೇಳೆಯನ್ನಷ್ಟೇ ಸಾರುತ್ತಿರಲಿಲ್ಲ. ವೆನಿಸ್ಸಿನ ಸಂತ ಮಾರ್ಕನ ಗೋಪುರದ ಒಂದು ಗಂಟೆ ಕೆಲಸಗಾರರ ದಿನದ ಆರಂಭವನ್ನೂ ಮುಗಿತಾಯವನ್ನೂ ಹೇಳುತ್ತಿತ್ತು. ದುಡಿಮೆ ಹಾಗೂ ವ್ಯಾಪಾರದ ವೇಳೆಯನ್ನು ಸಾರುವ ಗೋಪುರ ಎಂಬ ಕಲ್ಪನೆ ಇಟಲಿಯ ಮಾದರಿಯಲ್ಲಿ ಮೊದಲೇ ಇತ್ತು. ಲಂಡನ್ನಿನ ಗೋಪುರದ ಗಂಟೆ ಮಾಡಿದ್ದೂ ಅದನ್ನೇ. ಸಂತೆಯ ವ್ಯವಹಾರ ತೆರೆಯುವುದನ್ನೂ ಮುಚ್ಚುವುದನ್ನೂ ಅದು ಸಾರುತ್ತಿತ್ತು.

ದನದ ವ್ಯಾಪಾರದ ಅಂಗಳಕ್ಕೆ ಇಷ್ಟು ಚೆಂದದ ಗೋಪುರ ಕಟ್ಟಿದ್ದರಲ್ಲಿ ಒಂದು ಸಾರ್ವಜನಿಕ ಹೇಳಿಕೆಯೂ ಇದೆ. ಹಳೆಯ ಸಂತೆ ಗದ್ದಲಕ್ಕೂ ಕ್ರೌರ್ಯಕ್ಕೂ ಹೊಲಸಿಗೂ ಕುಖ್ಯಾತವಾಗಿತ್ತು. ಹೊಸದರಲ್ಲಿ ಎಲ್ಲವೂ ಕ್ರಮಬದ್ಧ, ಎಲ್ಲವೂ ಗಂಟೆ ಹೊಡೆದಂತೆ ಎಂದು ನಗರಾಡಳಿತ ತೋರಿಸಬೇಕಾಗಿತ್ತು. ಕಡಿಯುವ ಕೆಲಸ ನಿಲ್ಲಲಿಲ್ಲ. ಅದು ಊರ ಕಣ್ಣಿನಿಂದ ಮರೆಯಾಯಿತು. ಕಣ್ಣಿಗೆ ಬಿದ್ದದ್ದು ಗೋಪುರ.

ಗಡಿಯಾರದ ಒಳಗು

ಗಡಿಯಾರವನ್ನು ಮಾಡಿದವರು ಕ್ಲರ್ಕನ್‌ವೆಲ್‌ನ ಜಾನ್ ಮೂರ್ ಅಂಡ್ ಸನ್ಸ್. ಕ್ಲರ್ಕನ್‌ವೆಲ್ ಆಗ ಲಂಡನ್ನಿನ ಗಡಿಯಾರ ಕಸುಬಿನವರ ಕೇರಿ. ಒಬ್ಬ ಚಕ್ರ ಕಡಿಯುವವನು, ಇನ್ನೊಬ್ಬ ಸ್ಪ್ರಿಂಗ್ ಮಾಡುವವನು, ಮತ್ತೊಬ್ಬ ಮುಖಕ್ಕೆ ಅಂಕಿ ಬರೆಯುವವನು, ಹೀಗೆ ಒಂದೊಂದು ಮನೆಗೆ ಒಂದೊಂದು ಕೆಲಸ ಹಂಚಿಹೋಗಿತ್ತು. ಹೊಸ ಮಾರುಕಟ್ಟೆಯಿಂದ ಆ ಕೇರಿ ಕೆಲವೇ ಕಿಲೋಮೀಟರ್ ದೂರ.

ಗೋಪುರದ ಗಡಿಯಾರ ನಮ್ಮ ಮನೆಯ ಹಳೆಯ ಗೋಡೆ ಗಡಿಯಾರದ ದೊಡ್ಡಣ್ಣ. ಗೋಡೆ ಗಡಿಯಾರದಲ್ಲಿ ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ತಿರುಗಿಸುತ್ತದೆ. ಗೋಪುರದ ಗಡಿಯಾರದಲ್ಲಿ ಆ ಕೆಲಸ ಮಾಡುವುದು ಭಾರದ ತೂಕಗಳು. ಬಾವಿಯ ರಾಟೆಗೆ ಹಗ್ಗ ಸುತ್ತುವಂತೆ ಒಂದು ಉರುಳೆಗೆ ಹಗ್ಗ ಅಥವಾ ತಂತಿ ಸುತ್ತಿ, ಅದರ ತುದಿಗೆ ತೂಕವನ್ನು ಕಟ್ಟಿ ಗೋಪುರದ ಒಳಗೆ ಇಳಿಬಿಡುತ್ತಾರೆ. ತೂಕ ಕೆಳಗಿಳಿಯುತ್ತ ಉರುಳೆಯನ್ನು ತಿರುಗಿಸುತ್ತದೆ. ಉರುಳೆ ಹಲ್ಲುಚಕ್ರಗಳನ್ನು, ಹಲ್ಲುಚಕ್ರಗಳು ಮುಳ್ಳುಗಳನ್ನು. ತೂಕ ಒಂದೇ ಸಮನೆ ಜಾರಿ ಬೀಳದಂತೆ ತಡೆಯಲು ಲೋಲಕವಿದೆ. ಲೋಲಕದ ಒಂದೊಂದು ತೂಗಿಗೂ ಒಂದೊಂದು ಹಲ್ಲು ಮಾತ್ರ ಮುಂದಕ್ಕೆ ಹೋಗಲು ಬಿಡುವ ಕೊಕ್ಕೆ ನಮ್ಮ ಕಿವಿಗೆ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಗಂಟೆ ಹೊಡೆಯುವುದಕ್ಕೆ ಬೇರೆಯೇ ತೂಕ, ಬೇರೆಯೇ ಚಕ್ರಗಳ ಸಾಲು. ತೂಕ ಬುಡ ಮುಟ್ಟುವ ಮೊದಲೇ ಯಾರಾದರೂ ಮೆಟ್ಟಿಲು ಹತ್ತಿ ಹೋಗಿ ಹಿಡಿಕೆ ತಿರುಗಿಸಿ ಅದನ್ನು ಮತ್ತೆ ಮೇಲಕ್ಕೆ ಏರಿಸಬೇಕು. ಗೋಪುರ ಎತ್ತರವಿದ್ದಷ್ಟೂ ತೂಕ ಇಳಿಯಲು ಹೆಚ್ಚು ಜಾಗ. ಹೀಗಾಗಿ ಉದ್ದನೆಯ ಕಾಂಡ ನೋಟಕ್ಕೆ ಮಾತ್ರವಲ್ಲ, ಯಂತ್ರಕ್ಕೂ ಬೇಕಾದದ್ದೇ.

ಎತ್ತರದ ಗಡಿಯಾರಗಳಿಗೆ ಒಂದು ಕಾಟ ಉಂಟು. ಉದ್ದನೆಯ ಮುಳ್ಳುಗಳು ಗಾಳಿಗೂ ಮಳೆಗೂ ಹಿಮಕ್ಕೂ ಮೈಯೊಡ್ಡಿರುತ್ತವೆ. ಗಾಳಿ ಮುಳ್ಳನ್ನು ಹಿಂದಕ್ಕೊ ಮುಂದಕ್ಕೊ ನೂಕಿದರೆ ಆ ನೂಕು ಚಕ್ರಗಳ ಮೂಲಕ ಲೋಲಕದವರೆಗೂ ಹೋಗಿ ಕಾಲ ತಪ್ಪುತ್ತದೆ. ಆ ದಿನಗಳಲ್ಲಿ ಇಂಗ್ಲೆಂಡಿನ ಗಡಿಯಾರ ತಜ್ಞರೆಲ್ಲ ತಲೆಕೆಡಿಸಿಕೊಂಡಿದ್ದ ಸಮಸ್ಯೆ ಇದು. ಸಂಸತ್ ಭವನದ ಗಡಿಯಾರಕ್ಕಾಗಿ ವಕೀಲನೂ ಗಡಿಯಾರ ತಜ್ಞನೂ ಆಗಿದ್ದ ಎಡ್ಮಂಡ್ ಬೆಕೆಟ್ ಡೆನಿಸನ್ ಇದಕ್ಕೆ ಹೊಸ ಪರಿಹಾರ ಕಂಡುಹಿಡಿದದ್ದೂ ಅದೇ ಕಾಲದಲ್ಲಿ. ಆ ಗಡಿಯಾರ ನಡೆಯತೊಡಗಿದ್ದು 1859ರಲ್ಲಿ. ದನದ ಮಾರುಕಟ್ಟೆಯ ಉದ್ಘಾಟನೆಯಾದಾಗ ಸಂಸತ್ತಿನ ಆ ಹೆಸರಾಂತ ಗೋಪುರ ಇನ್ನೂ ಕಟ್ಟಿ ಮುಗಿದಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಕರಾರುವಾಕ್ಕಾದ ಕಾಲ ಬೇಕಾದದ್ದಾದರೂ ಏಕೆ? ಹಿಂದೆ ದನಗಳು ವಾರಗಟ್ಟಲೆ ನಡೆದು ಲಂಡನ್ನಿಗೆ ಬರುತ್ತಿದ್ದವು. ಆಗ ಅರ್ಧ ಗಂಟೆಯ ಹೆಚ್ಚುಕಡಿಮೆಗೆ ಬೆಲೆಯಿರಲಿಲ್ಲ. 1850ರ ಹೊತ್ತಿಗೆ ದನಗಳು ರೈಲಿನಲ್ಲಿ ಬರತೊಡಗಿದವು. ಹೊಸ ಮಾರುಕಟ್ಟೆಯ ಸುತ್ತಲೂ ರೈಲು ಹಳಿಗಳಿದ್ದವು. ಅದಕ್ಕೆ ಮೊದಲು ಇಂಗ್ಲೆಂಡಿನ ಒಂದೊಂದು ಊರಿಗೂ ಅದರದೇ ಸೂರ್ಯನ ಕಾಲವಿತ್ತು. ರೈಲು ಕಂಪನಿಗಳು 1840ರ ದಶಕದಲ್ಲಿ ಒಂದೊಂದಾಗಿ ಗ್ರೀನಿಚ್ ಕಾಲವನ್ನು ಅಂಗೀಕರಿಸಿದವು. 1852ರಿಂದ ಗ್ರೀನಿಚ್ ವೀಕ್ಷಣಾಲಯದ ಕಾಲಸೂಚನೆ ತಂತಿಯ ಮೂಲಕ ಹರಿಯತೊಡಗಿತು. ಇಡೀ ಬ್ರಿಟನ್ನಿಗೆ ಅದೇ ಅಧಿಕೃತ ಕಾಲವೆಂದು ಕಾನೂನಾದದ್ದು 1880ರಲ್ಲಿ. ರೈಲು ಕಚೇರಿ, ತಂತಿ ಕಚೇರಿ, ಬ್ಯಾಂಕು ಈ ಮೂರನ್ನೂ ತನ್ನ ಬುಡದಲ್ಲಿಟ್ಟುಕೊಂಡ ಗಡಿಯಾರ ಗೋಪುರ ಆ ಹೊಸ ಕಾಲಮಾನದ ಕೂಸು. ಹಳ್ಳಿಯಿಂದ ಬಂದ ರೈತನಿಗೂ ದನ ಹೊಡೆಯುವವನಿಗೂ ಅದು ನಗರದ ಕಾಲವನ್ನು ಕಲಿಸಿತು.

ಸಂತೆ ಕರಗಿದ ಬಗೆ

ಇಷ್ಟೆಲ್ಲ ಅಚ್ಚುಕಟ್ಟಾಗಿ ಕಟ್ಟಿದ ಮಾರುಕಟ್ಟೆಯ ವೈಭವ ಹೆಚ್ಚು ಕಾಲ ಬಾಳಲಿಲ್ಲ. ಹತ್ತನೆಯ ವರ್ಷದಲ್ಲೇ ದೊಡ್ಡ ಪೆಟ್ಟು ಬಿತ್ತು. 1865ರ ಬೇಸಿಗೆಯಲ್ಲಿ ಈ ಮಾರುಕಟ್ಟೆಯಿಂದ ಕೊಂಡೊಯ್ದ ಹಸುಗಳಲ್ಲಿ ರಿಂಡರ್‌ಪೆಸ್ಟ್ ಕಾಣಿಸಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಹಿರಿಯರು 'ದೊಡ್ಡರೋಗ' ಎಂದು ಹೆದರುತ್ತಿದ್ದ ಅದೇ ಜಾಡ್ಯ. ದೇಶದ ನಾನಾ ಕಡೆಯ ದನಗಳು ಒಂದೆಡೆ ಸೇರಿ ಮತ್ತೆ ನಾನಾ ಕಡೆಗೆ ಚದುರುವ ಸಂತೆಯೇ ಸೋಂಕಿಗೂ ಹೆದ್ದಾರಿಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಬ್ರಿಟನ್ನಿನ ಲಕ್ಷಾಂತರ ದನಗಳು ಸತ್ತವು ಅಥವಾ ಅವನ್ನು ಕೊಲ್ಲಬೇಕಾಯಿತು. ಜಗತ್ತಿನಿಂದಲೇ ಈ ರೋಗ ನಿರ್ಮೂಲವಾಯಿತೆಂದು ಘೋಷಣೆಯಾದದ್ದು 2011ರಲ್ಲಿ.

ಈ ಅನುಭವದ ಫಲವಾಗಿ ಹೊರದೇಶದ ದನಗಳ ಮೇಲೆ ಕಾನೂನಿನ ಬಿಗಿ ಬಂತು. ಅಂಥ ದನಗಳನ್ನು ಇಳಿಸಿದ ಜಾಗದಲ್ಲೇ ಕಡಿಯಬೇಕಾದ್ದರಿಂದ, 1871ರಲ್ಲಿ ಥೇಮ್ಸ್ ನದಿಯ ದಡದ ಡೆಪ್ಟ್‌ಫರ್ಡಿನಲ್ಲಿ ಬೇರೆ ಮಾರುಕಟ್ಟೆ ತೆರೆಯಿತು. ಆನಂತರ ಬಂದದ್ದು ಶೀತಲೀಕರಣ. 1882ರಲ್ಲಿ 'ಡ್ಯುನೆಡಿನ್' ಎಂಬ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಮಾಂಸವನ್ನು ಲಂಡನ್ನಿಗೆ ಕೆಡದಂತೆ ತಲುಪಿಸಿತು. ಮಾಂಸವೇ ಪ್ರಯಾಣ ಮಾಡಬಹುದಾದರೆ ಜೀವಂತ ದನವನ್ನು ಮಹಾನಗರದವರೆಗೆ ತರುವ ಅಗತ್ಯವೇನು? ಬನ್ನಿಂಗ್ ಕಟ್ಟಿದ ದೊಡ್ಡಿಗಳಲ್ಲಿ ಖಾಲಿ ಜಾಗ ಹೆಚ್ಚುತ್ತ ಹೋಯಿತು.

ಖಾಲಿ ಜಾಗಕ್ಕೆ ಬೇರೆ ಜನ ಬಂದರು. ದನದ ಸಂತೆ ಇಲ್ಲದ ದಿನಗಳಲ್ಲಿ ಸಣ್ಣಪುಟ್ಟ ವ್ಯಾಪಾರಿಗಳು ನೆಲದ ಮೇಲೆ ಬಟ್ಟೆ ಹಾಸಿ ಹಳೆಯ ಸಾಮಾನು ಹರಡತೊಡಗಿದರು. ತುಕ್ಕು ಹಿಡಿದ ಬೀಗ, ಕಾಲು ಮುರಿದ ಕುರ್ಚಿ, ಬೆಳ್ಳಿ ಚಮಚ, ಹಳೆ ಪುಸ್ತಕ, ಚೀನಾ ಪಿಂಗಾಣಿ, ಯಾವುದು ಬೇಕಾದರೂ ಸಿಗಬಹುದಾದ ಗುಜರಿ ಸಂತೆ ಅದು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಈ 'ಕೆಲಡೋನಿಯನ್ ಮಾರ್ಕೆಟ್' ಲಂಡನ್ನಿನ ಆಕರ್ಷಣೆಗಳಲ್ಲಿ ಒಂದಾಯಿತು. ಬಡವರು ಅಗ್ಗದ ಸರಕಿಗೆ, ಸಿರಿವಂತರು ಅಪರೂಪದ ವಸ್ತುವಿನ ಆಸೆಗೆ ಒಂದೇ ಗೋಪುರದ ಕೆಳಗೆ ನೆರೆಯುತ್ತಿದ್ದರು. 1939ರಲ್ಲಿ ಯುದ್ಧ ಬಂದು ಸಂತೆ ಮುಚ್ಚಿತು. ಯುದ್ಧದ ನಂತರ ಆ ವ್ಯಾಪಾರ ನದಿಯಾಚೆಯ ಬರ್ಮಂಡ್ಸಿಗೆ ಹೋಗಿ, ಹಳೆಯ ಹೆಸರಿನ ಹಿಂದೆ 'ಹೊಸ' ಎಂಬ ಪದ ಸೇರಿಸಿಕೊಂಡು ಮುಂದುವರಿಯಿತು. ಮೂಲ ಜಾಗದಲ್ಲಿ ಉಳಿದಿದ್ದ ಮಾಂಸದ ಕೆಲಸವೂ 1960ರ ದಶಕದಲ್ಲಿ ನಿಂತಿತು.

ಉಳಿದದ್ದು, ಅಳಿದದ್ದು

ಅದು ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಯುಗದ ಕಟ್ಟಡಗಳಿಗೆ ಕೆಟ್ಟ ಕಾಲ. ಹೊಸ ಪೀಳಿಗೆಯ ಯೋಜಕರಿಗೆ ಅವು ಮಸಿ ಹಿಡಿದ, ಕಾಲ ಮೀರಿದ ಹೊರೆಯಾಗಿ ಕಂಡವು. ಬನ್ನಿಂಗ್‌ನ ಕಲ್ಲಿದ್ದಲು ವಿನಿಮಯ ಕೇಂದ್ರ ಎರಕದ ಕಬ್ಬಿಣದ ಬಳಕೆಯಲ್ಲಿ ಒಂದು ಮೈಲಿಗಲ್ಲು. ಅದನ್ನು ಉಳಿಸಲು ವಿದ್ವಾಂಸರು, ಕವಿಗಳು ಹೋರಾಡಿದರೂ ರಸ್ತೆ ಅಗಲಿಸುವ ನೆಪದಲ್ಲಿ 1962ರಲ್ಲಿ ಕೆಡವಿದರು. ಅವನ ಹಾಲೊವೇ ಸೆರೆಮನೆಯೂ 1970ರ ದಶಕದಲ್ಲಿ ನೆಲಸಮವಾಗಿ, ಅದರ ಜಾಗದಲ್ಲಿ ಹೊಸ ಸೆರೆಮನೆ ಎದ್ದಿತು. ಅದನ್ನೂ 2016ರಲ್ಲಿ ಮುಚ್ಚಲಾಯಿತು.

ಮಾರುಕಟ್ಟೆಯ ಜಾಗದಲ್ಲಿ 1960ರ ದಶಕದಲ್ಲಿ ಪೌರಾಡಳಿತದ ವಸತಿ ಸಮುಚ್ಚಯ ಬಂತು. ಅದರ ಹೆಸರು ಮಾರ್ಕೆಟ್ ಎಸ್ಟೇಟ್. ಹಳೆಯ ಸಂತೆಯ ನೆನಪಿಗೆ ಅದರ ಕಟ್ಟಡಗಳಿಗೆ ಜಾನುವಾರು ತಳಿಗಳ ಹೆಸರಿಟ್ಟರು. ಟ್ಯಾಮ್‌ವರ್ತ್ ಹಂದಿಯ ತಳಿ, ಸೌತ್‌ಡೌನ್ ಕುರಿಯ ತಳಿ, ಕ್ಲೈಡ್ಸ್‌ಡೇಲ್ ಕುದುರೆಯ ತಳಿ. ಆ ಸಮುಚ್ಚಯವೂ ಬಾಳಲಿಲ್ಲ. ಅರ್ಧ ಶತಮಾನ ತುಂಬುವ ಮೊದಲೇ, 2010ರ ಹೊತ್ತಿಗೆ, ಅದನ್ನೂ ಕೆಡವಿ ಬೇರೆ ಮನೆಗಳನ್ನು ಕಟ್ಟಿದರು. ಒಂದೇ ನೆಲದ ಮೇಲೆ ವಿಹಾರಗೃಹ, ದನದ ಸಂತೆ, ಗುಜರಿ ಸಂತೆ, ಒಂದು ಬಡಾವಣೆ, ಮತ್ತೊಂದು ಬಡಾವಣೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದೆಲ್ಲವನ್ನೂ ಗೋಪುರ ಕಂಡಿದೆ.

ಹಾಗಾದರೆ ಗೋಪುರ ಹೇಗೆ ಪಾರಾಯಿತು? ಒಂದು ಕಾರಣ ಅದರ ಆಕಾರದಲ್ಲೇ ಇದೆ. ಅದು ಆಕ್ರಮಿಸುವ ನೆಲ ತೀರಾ ಕಡಿಮೆ. ಸುತ್ತಲೂ ಏನು ಬೇಕಾದರೂ ಕಟ್ಟಿಕೊಳ್ಳಬಹುದು. ಎರಡನೆಯ ಕಾರಣ ಅದರ ಉಪಯೋಗ. ದನಗಳು ಹೋದರೂ ಜನಕ್ಕೆ ಗಂಟೆ ನೋಡುವುದು ತಪ್ಪಲಿಲ್ಲ. ಇವುಗಳ ಜೊತೆಗೆ ಕಾನೂನಿನ ರಕ್ಷಣೆಯೂ ದೊರೆಯಿತು. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಗೋಪುರಕ್ಕೆ 'ಎರಡನೆಯ ದರ್ಜೆ, ವಿಶೇಷ' ಎಂಬ ಸ್ಥಾ‌ನವಿದೆ. ಅತ್ಯುನ್ನತ ದರ್ಜೆಯ ನಂತರದ ಮೆಟ್ಟಿಲು ಅದು. ಮೂಲೆಯ ಪಾನಗೃಹಗಳ ಕೆಲವು ಕಟ್ಟಡಗಳೂ ಮಾರುಕಟ್ಟೆಯ ಕಬ್ಬಿಣದ ಬೇಲಿಯ ಕೆಲ ಭಾಗಗಳೂ ಉಳಿದುಕೊಂಡಿವೆ. ಅವುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದರೆ ಹಳೆಯ ಸಂತೆಯ ಎಲ್ಲೆ ಈಗಲೂ ಕಾಣುತ್ತದೆ.

ಆದರೆ ಕಾನೂನಿನ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕಲ್ಲು ಸವೆಯುವುದು ನಿಲ್ಲುವುದಿಲ್ಲ. ದೀರ್ಘಕಾಲ ಗೋಪುರಕ್ಕೆ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಕಲ್ಲು, ಮರ, ಲೋಹಗಳೆಲ್ಲ ಜೀರ್ಣವಾಗುತ್ತ ಬಂದವು. ಕೊನೆಗೆ ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿಯ ನೆರವಿನಿಂದ ಇಸ್ಲಿಂಗ್ಟನ್ ಪೌರಾಡಳಿತ ಅದನ್ನು ದುರಸ್ತಿ ಮಾಡಿಸಿತು. 2019ರಲ್ಲಿ ಗೋಪುರ ಜನರಿಗೆ ತೆರೆಯಿತು. ಪಕ್ಕದಲ್ಲಿ ಮಾಹಿತಿ ಕೇಂದ್ರವೊಂದು ಬಂತು. ಮಾರ್ಗದರ್ಶಕರ ಜೊತೆ ಕಡಿದಾದ ಮೆಟ್ಟಿಲು ಹತ್ತಿ, ಯಂತ್ರವನ್ನು ನೋಡಿ, ಮೇಲಿನಿಂದ ಲಂಡನ್ನಿನ ನೋಟವನ್ನು ಕಾಣುವ ಅವಕಾಶ ಈ ದುರಸ್ತಿಯಿಂದಾಯಿತು.

ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಈ ಗೋಪುರ ಒಂದು ಮುಖ್ಯ ಪ್ರಶ್ನೆ ಎತ್ತುತ್ತದೆ. ಉಳಿದ ಕಟ್ಟಡ ಚೆಂದವಾಗಿದ್ದರೆ ಅದು ಯಾವುದರ ತುಣುಕು ಎಂಬುದನ್ನು ಮರೆಯುವುದು ಸುಲಭ. ಕೆಲಡೋನಿಯನ್ ಪಾರ್ಕಿನ ಗೋಪುರವನ್ನು ಉದ್ಯಾನದ ಅಲಂಕಾರವೆಂದು ನೋಡಿದರೆ ಅದು ಅಚ್ಚುಕಟ್ಟಾದ ಒಂದು ಇಟಲಿ ಮಾದರಿ, ಅಷ್ಟೆ. ಅದರ ಬುಡದಲ್ಲಿ ಹಣ ಎಣಿಸಿದವರು, ಸುತ್ತ ನಿಂತು ಬೆದರಿದ ದನಗಳು, ಅದಕ್ಕೂ ಮೊದಲು ಅದೇ ನೆಲದಿಂದ ಆರು ಮಂದಿ ಕೂಲಿಗಳಿಗಾಗಿ ಹೊರಟ ಮೆರವಣಿಗೆ, ಇವೆಲ್ಲ ಸೇರಿದಾಗ ಮಾತ್ರ ಅದರ ಕಥೆ ಪೂರ್ತಿಯಾಗುತ್ತದೆ. ಕಲ್ಲನ್ನು ದುರಸ್ತಿ ಮಾಡುವ ಕೆಲಸ 2019ರಲ್ಲಿ ಮುಗಿಯಿತು. ಕಥೆಯನ್ನು ಮಾತ್ರ ಮೆಟ್ಟಿಲು ಹತ್ತಿಬರುವ ಪ್ರತಿಯೊಂದು ತಂಡಕ್ಕೂ ಮಾರ್ಗದರ್ಶಕರು ಮೊದಲಿನಿಂದ ಹೇಳಬೇಕು.